ಎಲ್.ಸಿ. ತಗೊಂಡ್ಯಾ?

ಹಾಸನದ ಆ ಮನೆಯಲ್ಲಿ ಬಲ್ಬು ಬದಲಿಸಲು ಸ್ಟೂಲು ಹತ್ತಿದವರಿಗೆಲ್ಲ ಒಂದು ಪ್ರಶ್ನೆ ಎದುರಾಗುತ್ತದೆ: 'ಎಲ್.ಸಿ. ತಗೊಂಡ್ಯಾ?' ಮಿಕ್ಸಿ ಜಾರಿನ ತಳಕ್ಕೆ ಬೆರಳು ಹಾಕಿ ಚಟ್ನಿ ಬಳಿಯುವ ಹೆಂಡತಿಗೂ ಅದೇ ಪ್ರಶ್ನೆ, ಒದ್ದೆ ಕೈಯಲ್ಲಿ ಮೊಬೈಲ್ ಚಾರ್ಜರ್ ಎಳೆಯುವ ಮಗನಿಗೂ ಅದೇ ಪ್ರಶ್ನೆ. ಒಮ್ಮೆ ಗ್ಯಾಸ್ ಸಿಲಿಂಡರ್ ತಂದ ಹುಡುಗನಿಗೂ ಕೇಳಿದ್ದುಂಟು. ಅವನು 'ಎಲ್.ಐ.ಸಿ. ಮಾಡಿಸಿದೀನಿ ಸಾರ್' ಎಂದು ವಿನಯದಿಂದ ಉತ್ತರಿಸಿದ್ದು ಮನೆಯಲ್ಲಿ ಇಂದಿಗೂ ನಗೆಯ ವಿಷಯ.

ಪ್ರಶ್ನೆ ಕೇಳುವವರು ಮನೆಯ ಯಜಮಾನರು. ಮೂವತ್ತೈದು ವರ್ಷ ಲೈನ್‌ಮನ್ ಆಗಿ ಕಂಬ ಹತ್ತಿ ಇಳಿದವರು. ಎಲ್.ಸಿ. ಎಂದರೆ ಲೈನ್ ಕ್ಲಿಯರ್. ತಂತಿಗೆ ಕೈ ಹಾಕುವ ಮೊದಲು ಸಬ್‌ಸ್ಟೇಷನ್ನಿಗೆ ಹೇಳಿ ಆ ಲೈನಿನ ವಿದ್ಯುತ್ ನಿಲ್ಲಿಸಬೇಕು. ಅಲ್ಲಿನ ಆಪರೇಟರ್ ಯಾವ ಲೈನು, ಎಷ್ಟು ಹೊತ್ತಿಗೆ, ಯಾರ ಹೆಸರಿನಲ್ಲಿ ಎಂಬುದನ್ನು ಪುಸ್ತಕದಲ್ಲಿ ಬರೆದುಕೊಂಡು ಅನುಮತಿ ಕೊಡುತ್ತಾನೆ. ಯಾರ ಹೆಸರಿನಲ್ಲಿ ಎಲ್.ಸಿ. ಆಗಿದೆಯೋ ಅವನೇ ಕೆಲಸ ಮುಗಿದ ಮೇಲೆ ತನ್ನ ಜನರನ್ನೆಲ್ಲ ಕೆಳಗಿಳಿಸಿ, ತಲೆ ಎಣಿಸಿ, ಅದನ್ನು ವಾಪಸು ಕೊಡಬೇಕು. ಬೇರೆಯವರು ಕೊಟ್ಟರೆ ನಡೆಯುವುದಿಲ್ಲ. ಹಾಗೆ ವಾಪಸಾಗುವ ತನಕ ಊರು ಕತ್ತಲಲ್ಲಿದ್ದರೂ ಸರಿ, ಎಂ.ಎಲ್.ಎ. ಫೋನು ಮಾಡಿದರೂ ಸರಿ, ಸ್ವಿಚ್ಚು ಹಾಕುವಂತಿಲ್ಲ.

ಲೈನ್‌ಮನ್ನರ ಜೊತೆ ಕೆಲಸಕ್ಕೆ ಸೇರಿದ್ದ ಗೆಳೆಯನೊಬ್ಬ ಒಂದು ಸಂಜೆ, 'ಎರಡೇ ನಿಮಿಷದ ಕೆಲಸ, ಅದಕ್ಕೆಂಥ ಎಲ್.ಸಿ.' ಎಂದು ಕಂಬ ಹತ್ತಿದ್ದ. ಆ ಕಥೆಯನ್ನು ಅವರು ಪೂರ್ತಿಯಾಗಿ ಯಾರಿಗೂ ಹೇಳಿದವರಲ್ಲ. ಮಗಳು ಚಿಕ್ಕವಳಿದ್ದಾಗ ಕೇಳಿದ್ದಕ್ಕೆ, 'ಎರಡು ನಿಮಿಷವೂ ಆಗಿರ್ಲಿಲ್ಲ ಪುಟ್ಟಿ' ಎಂದಷ್ಟೇ ಹೇಳಿ ಎದ್ದು ಹೋಗಿದ್ದರು.

ಆ ಮಗಳು 2024ರ ಫೆಬ್ರವರಿಯ ಹೊತ್ತಿಗೆ ಪದವಿಯ ಕೊನೆಯ ವರ್ಷದಲ್ಲಿದ್ದಳು. ಓದುತ್ತಿದ್ದುದು ಪತ್ರಿಕೋದ್ಯಮ. ಪರೀಕ್ಷೆಯ ಅಂಕಗಳಿಗಾಗಿ ಏಳು ಜನರ ತಂಡವೊಂದು ನಾಲ್ಕು ನಿಮಿಷದ ಒಂದು ಹಾಡನ್ನು ಚಿತ್ರೀಕರಿಸಬೇಕಿತ್ತು. ಹಾಡು ಬರೆದವನು, ಹಾಡಿದವನು, ಅದರಲ್ಲಿ ನಟಿಸುವವನು ಎಲ್ಲ ಒಬ್ಬನೇ. ಹಾಗಾಗಿ ಅವನೇ ನಾಯಕ. ಸೋದರಮಾವನ ಕ್ಯಾಮೆರಾ ಎರವಲು ತರಬಲ್ಲವನು ಕ್ಯಾಮೆರಾಮನ್. ಜೋರಾಗಿ ಮಾತಾಡುವವನು ನಿರ್ದೇಶಕ. ಇಬ್ಬರು ಹುಡುಗಿಯರು ನರ್ತಕಿಯರು, ಇನ್ನೊಬ್ಬ ಸಂಕಲನಕಾರ. ಹಾಡಲೂ ಕುಣಿಯಲೂ ಬಾರದ ಲೈನ್‌ಮನ್ನರ ಮಗಳಿಗೆ ಉಳಿದದ್ದು 'ಪ್ರೊಡಕ್ಷನ್'. ಹಾಗೆಂದರೆ ಚಿತ್ರಾನ್ನ ಕಟ್ಟಿಸುವುದು, ನೀರಿನ ಬಾಟಲಿ ಎಣಿಸುವುದು, ಖರ್ಚು ಬರೆಯುವುದು. ಅದಕ್ಕೆಂದು ಅವಳು ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡಳು.

ಜಾಗ ಯಾವುದೆಂಬ ಬಗ್ಗೆ ಚರ್ಚೆಯೇ ಆಗಲಿಲ್ಲ. ಹಾಸನದಲ್ಲಿ ಕ್ಯಾಮೆರಾ ಹಿಡಿದವರೆಲ್ಲ ಕೊನೆಗೆ ಹೋಗುವುದು ಶೆಟ್ಟಿಹಳ್ಳಿಯ ಚರ್ಚಿಗೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆಯಾದ ಮೇಲೆ ಊರು ಎದ್ದುಹೋಯಿತು, ಚರ್ಚು ಮಾತ್ರ ಹಿನ್ನೀರಿನಲ್ಲಿ ಉಳಿಯಿತು. ಮಳೆಗಾಲದಲ್ಲಿ ಸೊಂಟದ ಮಟ್ಟಕ್ಕೆ ಮುಳುಗುತ್ತದೆ, ಬೇಸಿಗೆಯಲ್ಲಿ ಪಾದದ ತನಕ ಕಾಣಿಸುತ್ತದೆ. ಸೂರಿಲ್ಲ, ಬಾಗಿಲಿಲ್ಲ, ಎತ್ತರದ ಕಮಾನುಗಳು ಮಾತ್ರ ಆಕಾಶಕ್ಕೆ ತೆರೆದುಕೊಂಡು ನಿಂತಿವೆ. ಹಿಂದಿನ ವರ್ಷ ಮಳೆ ಕೈಕೊಟ್ಟಿದ್ದರಿಂದ ಆ ಫೆಬ್ರವರಿಯಲ್ಲಿ ನೀರು ದೂರ ಸರಿದಿತ್ತು.

ಮರದ ಕೆಳಗೆ ಕುಳಿತು ತಂಡ ಹಾಡಿನ ಕಲ್ಪನೆ ಮಾಡಿದಂತೆಲ್ಲ ಅವಳ ನೋಟ್‌ಬುಕ್ಕಿನಲ್ಲಿ ಪಟ್ಟಿ ಬೆಳೆಯಿತು. ಮೊದಲ ಚರಣಕ್ಕೆ ನಾಯಕ ಕಮಾನಿನ ಮೇಲೆ ನಡೆಯುತ್ತಾನೆ. ಎರಡನೆಯದಕ್ಕೆ ಗೋಡೆಗಳ ನಡುವೆ ಬಣ್ಣದ ಹೊಗೆ. ಮೂರನೆಯದಕ್ಕೆ ಬಾಡಿಗೆ ಜನರೇಟರ್ ತಂದು ಫೋಕಸ್ ಲೈಟು. ಕೊನೆಗೆ ಸೂರ್ಯ ಮುಳುಗುವಾಗ ಅವನು ಹಾಡುತ್ತ ಹಾಡುತ್ತ ಎದೆಮಟ್ಟದ ನೀರಿಗೆ ಇಳಿಯುತ್ತಾನೆ. ಅಲ್ಲಿಗೆ ಹಾಡು ಮುಗಿಯುತ್ತದೆ. ಎಲ್ಲರೂ 'ಸೂಪರ್ ಮಗಾ' ಎಂದರು. ಅವಳೂ ಎಂದಳು. ಹಾಗೆನ್ನದಿರಲು ಕಾರಣವೇನೂ ಅವಳಿಗೆ ಹೊಳೆದಿರಲಿಲ್ಲ.

ಕಾರಣ ಹೊಳೆದದ್ದು ಎಕ್ಸ್‌ಟೆನ್ಷನ್ ಬೋರ್ಡಿನ ದೆಸೆಯಿಂದ. ಜನರೇಟರಿಗೆಂದು ಗೆಳೆಯರು ಕೊಟ್ಟಿದ್ದ ಬೋರ್ಡಿನ ವೈರು ಎರಡು ಕಡೆ ಸೀಳಿತ್ತು. ರಿಪೇರಿಗೆ ಅಪ್ಪನ ಮುಂದೆ ಇಟ್ಟಾಗ ಅವರು ಕನ್ನಡಕ ಏರಿಸಿ, 'ಇದು ಎಲ್ಲಿಗೆ?' ಎಂದರು.

'ನೀರಿನ ಪಕ್ಕ, ಶೂಟಿಂಗಿಗೆ ಅಪ್ಪಾಜಿ.'

'ನೀರಿನ ಪಕ್ಕಕ್ಕೆ ಕರೆಂಟು ಹೊತ್ಕೊಂಡು ಯಾಕೆ ಹೋಗ್ತೀರಾ? ಸೂರ್ಯ ಸಂಬಳ ಕೇಳ್ತಾನಾ?'

ಅವರು ಬೋರ್ಡನ್ನು ರಿಪೇರಿ ಮಾಡಲಿಲ್ಲ, ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದರು. ಆಮೇಲೆ ಬಹಳ ಹೊತ್ತು ಮಾತಾಡಿದರು. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ, 1989ರ ಫೆಬ್ರವರಿ 8ರಂದು, ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 62 ಜನ ಸತ್ತಿದ್ದರು. ಸಡಿಲ ವೈರಿಂಗು, ಗೋಡೆಗೆ ಹೊಡೆದ ಗೋಣಿತಾಟು, ದೊಡ್ಡ ದೊಡ್ಡ ದೀಪಗಳ ಕಾವು. 'ಆಟ ಆಡೋ ಜಾಗ ಅಂದ್ಕೊಂಡಿರ್ತಾರೆ ಪುಟ್ಟಿ. ಬೆಂಕಿಗೆ ಅದು ಆಟ ಅಂತ ಗೊತ್ತಿರಲ್ಲ' ಎಂದರು. 2021ರ ಆಗಸ್ಟ್‌ನಲ್ಲಿ ಬಿಡದಿ ಬಳಿ ಸಾಹಸ ದೃಶ್ಯವೊಂದರ ಚಿತ್ರೀಕರಣದಲ್ಲಿ ಕ್ರೇನಿನ ಲೋಹದ ಹಗ್ಗ ಮೇಲಿನ ಹೈಟೆನ್ಷನ್ ತಂತಿಗೆ ತಗುಲಿ ಸಾಹಸ ಕಲಾವಿದನೊಬ್ಬ ತೀರಿಕೊಂಡ ಸುದ್ದಿಯನ್ನೂ ನೆನಪಿಸಿದರು. ಆ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೂ ಸಾಕು. ಆದ್ದರಿಂದ ಏಣಿ, ಉದ್ದನೆಯ ಕೋಲು, ಹಾರುವ ಡ್ರೋನು ಯಾವುದನ್ನೇ ಎತ್ತುವ ಮೊದಲು ತಲೆ ಎತ್ತಿ ನೋಡಬೇಕು ಎಂದರು. ಕೊನೆಗೆ ಅವರು ಕೇಳಿದ ಪ್ರಶ್ನೆ ಅವಳಿಗೆ ಗೊತ್ತಿದ್ದದ್ದೇ.

'ಎಲ್.ಸಿ. ಯಾರ ಹೆಸರಲ್ಲಿದೆ?'

ಅವಳು ಸುಮ್ಮನಾದಳು. ಏಳು ಜನರಲ್ಲಿ ಯಾರ ಹೆಸರಿನಲ್ಲೂ ಇರಲಿಲ್ಲ. ನಿರ್ದೇಶಕ ದೃಶ್ಯ ನೋಡುತ್ತಾನೆ, ಕ್ಯಾಮೆರಾದವನು ಚೌಕಟ್ಟು ನೋಡುತ್ತಾನೆ, ನಾಯಕ ತನ್ನನ್ನು ನೋಡಿಕೊಳ್ಳುತ್ತಾನೆ. ಆ ಗೋಡೆ, ಆ ನೀರು, ಆ ಹೊತ್ತು ಇವನ್ನು ನೋಡುವ ಕೆಲಸ ಯಾರಿಗೂ ಹಂಚಿಕೆಯಾಗಿರಲಿಲ್ಲ. ಎಲ್ಲರೂ ನೋಡುತ್ತಾರೆ ಎಂದರೆ ಯಾರೂ ನೋಡುವುದಿಲ್ಲ ಎಂದೇ ಅರ್ಥ. ಅಂದು ರಾತ್ರಿ ಅವಳು ನೋಟ್‌ಬುಕ್ಕಿನ ಹೊಸ ಪುಟದಲ್ಲಿ ದಿನಾಂಕ ಹಾಕಿ, 'ಲೈನ್ ಕ್ಲಿಯರ್' ಎಂದು ಬರೆದು, ಕೆಳಗೆ ತನ್ನ ಹೆಸರು ಬರೆದಳು.

ಗೆಳೆಯರಿಗೆ ಇದನ್ನು ಒಪ್ಪಿಸಲು ನೆರವಾದದ್ದು ತರಗತಿಯಲ್ಲಿ ಮೇಷ್ಟ್ರು ಹೇಳಿದ ಒಂದು ಪ್ರಸಂಗ. 2014ರ ಫೆಬ್ರವರಿ 20ರಂದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಸಿನಿಮಾ ತಂಡವೊಂದು ನದಿಯ ಮೇಲಿನ ರೈಲು ಸೇತುವೆಯಲ್ಲಿ ಮಂಚ ಇಟ್ಟು ಚಿತ್ರೀಕರಣ ನಡೆಸುತ್ತಿತ್ತು. ಹಳಿಯ ಒಡೆತನದ ಕಂಪನಿ ಅನುಮತಿ ಕೊಟ್ಟಿರಲಿಲ್ಲ. ರೈಲು ಬಂದರೆ ಓಡಲು ಒಂದು ನಿಮಿಷ ಸಿಗುತ್ತದೆ ಎಂದು ತಂಡಕ್ಕೆ ಹೇಳಲಾಗಿತ್ತು. ರೈಲು ಬಂತು, ಒಂದು ನಿಮಿಷ ಸಿಗಲಿಲ್ಲ. ಸಾರಾ ಜೋನ್ಸ್ ಎಂಬ 27 ವರ್ಷದ ಕ್ಯಾಮೆರಾ ಸಹಾಯಕಿ ಸತ್ತಳು. ಮರುವರ್ಷ ನಿರ್ದೇಶಕ ತಪ್ಪೊಪ್ಪಿಕೊಂಡು ಜೈಲಿಗೆ ಹೋದ. 'ಎರಡೇ ನಿಮಿಷ' ಎಂಬ ಮಾತು ಕಂಬದ ಮೇಲೆ ಮಾತ್ರವಲ್ಲ, ಎಲ್ಲ ದೇಶಗಳಲ್ಲೂ ಒಂದೇ ಬಗೆಯದು ಎಂದು ಅವಳಿಗೆ ಅನ್ನಿಸಿತ್ತು.

ಚಿತ್ರೀಕರಣಕ್ಕೆ ಒಂದು ವಾರ ಮುಂಚೆ ಅವಳು, ಕ್ಯಾಮೆರಾದವನು, ನಾಯಕ ಮೂವರೂ ಹೋಗಿ ಜಾಗ ನೋಡಿ ಬಂದರು. ಗೋಡೆಯ ಗಾರೆ ಕೈ ತಾಗಿದರೆ ಪುಡಿಯಾಗಿ ಉದುರುತ್ತಿತ್ತು. ಇತ್ತೀಚಿನ ಮಳೆಗಾಲಗಳಲ್ಲಿ ಗೋಡೆಯ ಕೆಲವು ಭಾಗ ಬಿದ್ದೂ ಹೋಗಿವೆ. ಕಮಾನಿನ ಮೇಲೆ ನಡೆಯುವ ಕನಸನ್ನು ನಾಯಕ ತಾನಾಗಿಯೇ ಕೈಬಿಟ್ಟ. ಕಂಬ ಎಷ್ಟು ಎತ್ತರವೋ ಅಷ್ಟು ದೂರ ನಿಲ್ಲು ಎನ್ನುವುದು ಲೈನ್‌ಮನ್ನರ ಲೆಕ್ಕ. ಅದೇ ಲೆಕ್ಕದಲ್ಲಿ ಗೋಡೆಯಿಂದ ಹೆಜ್ಜೆ ಅಳೆದು ಅವಳು ಸುಣ್ಣದಲ್ಲಿ ಗೆರೆ ಎಳೆಯಲು ಗುರುತು ಮಾಡಿಕೊಂಡಳು. ಸುತ್ತ ಒಣಹುಲ್ಲು ಇದ್ದುದರಿಂದ ಬಣ್ಣದ ಹೊಗೆಯೂ ಪಟ್ಟಿಯಿಂದ ಹೋಯಿತು. ಜನರೇಟರ್ ಬದಲು ಎರಡು ಬಿಳಿಯ ಥರ್ಮಾಕೋಲ್ ಹಲಗೆ. ಬಿಸಿಲನ್ನು ಮುಖಕ್ಕೆ ತಿರುಗಿಸಲು ಅಷ್ಟು ಸಾಕು.

ನೀರಂಚಿನಲ್ಲಿ ತೆಪ್ಪ ಒಣಗಹಾಕಿಕೊಂಡು ಮೀನಿನವರೊಬ್ಬರು ಕುಳಿತಿದ್ದರು. ಎದೆಮಟ್ಟ ಎಲ್ಲಿ ಬರುತ್ತದೆ ಎಂದು ನಾಯಕ ಕೇಳಿದ.

'ನಿಂಗೆ ಈಜು ಬತ್ತದಾ ತಮ್ಮ?'

'ಬರುತ್ತಣ್ಣ. ಈಜುಕೊಳದಲ್ಲಿ ಕಲ್ತಿದೀನಿ.'

ಅವರು ಏನೂ ಹೇಳದೆ ಕೈಯಲ್ಲಿದ್ದ ಗಳುವನ್ನು ನೀರಂಚಿನ ಒಣ ಮಣ್ಣಿಗೆ ಚುಚ್ಚಿದರು. ಮೇಲೆ ಬಿರುಕು ಬಿಟ್ಟು ಗಟ್ಟಿಯಾಗಿ ಕಾಣುತ್ತಿದ್ದ ನೆಲದೊಳಗೆ ಗಳು ಸರ್ರನೆ ತೊಡೆಯುದ್ದ ಇಳಿಯಿತು. 'ಇಲ್ಲಿ ಕೈ ಇದ್ರೆ ಸಾಲದು, ಕಾಲು ಬೇಕು. ಕಾಲು ಹೂತ್ಕಂಡ್ರೆ ಕೈ ಏನ್ ಮಾಡದು?' ಎಂದರು. ಅವಳು ಅದನ್ನು ಹಾಗೆಯೇ ಬರೆದುಕೊಂಡಳು. ಅವರೇ ಆಚೆ ಬದಿಯಲ್ಲಿ ಕಲ್ಲುನೆಲದ ಒಂದು ಜಾಗ ತೋರಿಸಿದರು. ಅಲ್ಲಿ ಹತ್ತು ಹೆಜ್ಜೆಯವರೆಗೂ ನೀರು ಪಾದ ಮುಳುಗುವಷ್ಟೇ.

ಶೂಟಿಂಗಿನ ದಿನ ಬೆಳಿಗ್ಗೆ ಆರಕ್ಕೆ ಒಂದು ಬಾಡಿಗೆ ವ್ಯಾನು ಹೊರಟಿತು. ಬೈಕುಗಳಲ್ಲಿ ಹೋಗಬೇಕೆಂಬ ಆಸೆ ಹುಡುಗರಿಗಿತ್ತು. ಆದರೆ ಅವಳ ತಾಯಿಯದು ಒಂದೇ ಷರತ್ತು: ದಣಿದು ರಾತ್ರಿ ಗಾಡಿ ಓಡಿಸಬಾರದು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಶಂಕರ್‌ನಾಗ್ ಕಾರು ಅಪಘಾತದಲ್ಲಿ ತೀರಿಕೊಂಡಾಗ ಆಕೆ ಹೈಸ್ಕೂಲಿನಲ್ಲಿದ್ದರು. ಅಂದು ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಅವರು ಹೋಗುತ್ತಿದ್ದುದೂ ಚಿತ್ರೀಕರಣಕ್ಕೆ. ಶೂಟಿಂಗಿನ ಅಪಾಯ ಶೂಟಿಂಗಿನ ಜಾಗದಲ್ಲೇ ಇರಬೇಕೆಂದಿಲ್ಲ, ದಾರಿಯಲ್ಲೂ ಇರುತ್ತದೆ ಎಂಬುದು ಆಕೆಗೆ ಅಂದಿನಿಂದ ಗೊತ್ತು. ವ್ಯಾನಿನ ಚಾಲಕನಿಗೆ ಮಧ್ಯಾಹ್ನ ಮರದಡಿ ಮಲಗಲು ಚಾಪೆಯನ್ನೂ ಆಕೆಯೇ ಕಟ್ಟಿಕೊಟ್ಟರು.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ 112 ಮತ್ತು 108, ಹತ್ತಿರದ ಆಸ್ಪತ್ರೆಯ ದಾರಿ, ಏಳೂ ಮನೆಗಳ ಫೋನು, ಯಾರಿಗೆ ಯಾವ ಔಷಧಿ ಆಗದು ಎಂಬ ವಿವರ. ಪೊಲೀಸ್ ಠಾಣೆಗೂ ಪಂಚಾಯಿತಿಗೂ ಕಾಲೇಜಿನ ಪತ್ರ ಮೊದಲೇ ಮುಟ್ಟಿತ್ತು. ಇವೆಲ್ಲ ಯಾರಿಗಾದರೂ ಹೊಳೆಯುವಂಥವೇ. ಹಾಡಿನ ಚಿತ್ರೀಕರಣಕ್ಕೇ ಸೇರಿದ ಒಂದು ಅಪಾಯವನ್ನು ಮಾತ್ರ ಅವಳು ಅಲ್ಲಿ ಹೋದ ಮೇಲೆ ಕಂಡುಕೊಂಡಳು.

ತುಟಿ ಹೊಂದಿಸಲು ಹಾಡನ್ನು ಸ್ಪೀಕರಿನಲ್ಲಿ ಜೋರಾಗಿ ಹಾಕಬೇಕಾಗುತ್ತದೆ. ಹಾಡು ಶುರುವಾದರೆ ಯಾರ ಕೂಗೂ ಯಾರಿಗೂ ಕೇಳಿಸದು. ನಾಟಕದಲ್ಲಿ, ಮಾತಿನ ದೃಶ್ಯದಲ್ಲಿ 'ನಿಲ್ಲಿ' ಎಂದರೆ ನಿಂತಾರು. ಹಾಡಿನಲ್ಲಿ ಎಲ್ಲರೂ ಕಿವುಡರು. ಮೊದಲ ಟೇಕಿನಲ್ಲೇ ಕ್ಯಾಮೆರಾದವನು ಪರದೆಯ ಮೇಲೆ ಕಣ್ಣಿಟ್ಟು ಹಿಂದೆ ಹಿಂದೆ ನಡೆಯುತ್ತ ಕಲ್ಲೊಂದನ್ನು ಎಡವಿ ಕುಳಿತುಬಿಟ್ಟ. 'ಕಲ್ಲು! ಕಲ್ಲು!' ಎಂದು ಅವಳು ಎರಡು ಸಲ ಕೂಗಿದ್ದು ಅವನಿಗೆ ಕೇಳಿಸಿಯೇ ಇರಲಿಲ್ಲ. ಕ್ಯಾಮೆರಾಕ್ಕೆ ಏನೂ ಆಗಲಿಲ್ಲ, ಅವನ ಮೊಣಕೈ ತರಚಿತು. ಅನಂತರ ಅವನು ಹಿಂದೆ ನಡೆಯುವಾಗಲೆಲ್ಲ ಸಂಕಲನಕಾರ ಅವನ ಬೆಲ್ಟು ಹಿಡಿದು, ಕುರುಡರನ್ನು ನಡೆಸುವಂತೆ ನಡೆಸಿದ. ಅವಳ ಚೀಲದಲ್ಲಿ ಒಂದು ವಿಷಲ್ ಇತ್ತು. ಹಾಸನದ ಬೀದಿಬದಿ ಆಟಿಕೆಯವನಲ್ಲಿ ಇಪ್ಪತ್ತು ರೂಪಾಯಿ ಕೊಟ್ಟು ತಂದದ್ದು. ಮೂರು ಸಲ ಊದಿದರೆ ಸ್ಪೀಕರಿನ ಹುಡುಗಿ ಹಾಡು ನಿಲ್ಲಿಸಬೇಕು, ಎಲ್ಲರೂ ಇದ್ದಲ್ಲೇ ನಿಲ್ಲಬೇಕು, ಕಾರಣವನ್ನು ಆಮೇಲೆ ಕೇಳಬೇಕು ಎಂದು ನಿಯಮವಾಯಿತು.

ಸಂಜೆಯವರೆಗೆ ಎಲ್ಲ ಚೆನ್ನಾಗಿಯೇ ನಡೆಯಿತು. ವಿಷಲ್ ಊದಿದ್ದು ಎರಡೇ ಸಲ. ಒಮ್ಮೆ ಸುಣ್ಣದ ಗೆರೆ ದಾಟಿದ್ದಕ್ಕೆ, ಇನ್ನೊಮ್ಮೆ ಚಿತ್ರಾನ್ನ ಬಂದಿದ್ದಕ್ಕೆ. ಕೊನೆಗೆ ಸೂರ್ಯ ಹಿನ್ನೀರಿನ ಆಚೆಗೆ ಇಳಿಯತೊಡಗಿತು. ನೀರೆಲ್ಲ ತಾಮ್ರದ ಬಣ್ಣ. ಕಲ್ಲುನೆಲದ ಜಾಗದಿಂದ ನೋಡಿದರೆ ಚರ್ಚು ಚೌಕಟ್ಟಿನ ಹೊರಗೆ ಉಳಿಯುತ್ತಿತ್ತು. ಮೀನಿನವರು ಗಳು ಚುಚ್ಚಿದ ಜಾಗದಿಂದ ನೋಡಿದರೆ ಚರ್ಚು, ಸೂರ್ಯ, ನೀರು ಮೂರೂ ಒಂದೇ ಸಾಲಿನಲ್ಲಿ. ನಿರ್ದೇಶಕ ನಾಯಕನನ್ನು ನೋಡಿದ. ನಾಯಕ ಪ್ಯಾಂಟು ಮಡಚಿದ.

'ಒಂದೇ ಟೇಕ್' ಎಂದ. 'ಎರಡೇ ನಿಮಿಷ.'

ಹಾಡು ಶುರುವಾಯಿತು. ಅವನು ನೀರಿಗೆ ಎರಡು ಹೆಜ್ಜೆ ಇಟ್ಟಾಗ ಅವಳು ವಿಷಲ್ ಊದಿದಳು. ಸ್ಪೀಕರಿನ ಹುಡುಗಿ ಹಾಡು ನಿಲ್ಲಿಸಿದಳು. ಆ ಬಯಲಿನಲ್ಲಿ ಒಮ್ಮೆಗೇ ಎಂಥ ಮೌನ ಬಂತೆಂದರೆ, ನೀರು ಕೆಸರಿಗೆ ತಾಗುವ ಸದ್ದು ಕೇಳಿಸಿತು.

'ಏನೇ ನಿಂದು? ಪೊಲೀಸಾ ನೀನು? ವರ್ಷವೆಲ್ಲ ಕಾದಿದ್ದು ಈ ಶಾಟಿಗೆ. ಸೂರ್ಯ ಹೋಗ್ತಾ ಇದಾನೆ!'

ಅವಳ ಗಂಟಲು ಒಣಗಿತ್ತು. ಮೂರು ವರ್ಷ ಒಂದೇ ಬೆಂಚಿನ ಸಾಲಿನಲ್ಲಿ ಕುಳಿತವರು, ಒಂದೇ ಡಬ್ಬಿಯಲ್ಲಿ ಉಂಡವರು. ಎಲ್ಲರ ಮುಖದಲ್ಲೂ ಅವಳ ಮೇಲಿನ ಸಿಟ್ಟೇ ಕಂಡಿತು. ನೀರಿನ ಭಯಕ್ಕಿಂತ ಈ ಭಯ ದೊಡ್ಡದು. ಹುಡುಗರು ಮುಳುಗುವುದು ಧೈರ್ಯ ಹೆಚ್ಚಾಗಿ ಮಾತ್ರವಲ್ಲ. ದಡದಲ್ಲಿ ನಿಂತವರಿಗೆ ಬೇಡ ಎನ್ನಲು ಸಂಕೋಚವಾಗಿಯೂ ಹೌದು. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ನಟರಾದ ಅನಿಲ್ ಮತ್ತು ಉದಯ್ ಮೇಲೆ ಬರಲೇ ಇಲ್ಲ. ಅವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಈಜಿನ ವಿಷಯದಲ್ಲಿ ತಮಗಿದ್ದ ಅಳುಕನ್ನು ಅವರು ಹಾರುವ ಮೊದಲೇ ಹೇಳಿಕೊಂಡಿದ್ದುದು ಆಮೇಲೆ ವರದಿಯಾಯಿತು. ಹೇಳಿದವರಿದ್ದರು, ಅದನ್ನು ಕೇಳಿ ನಿಲ್ಲಿಸುವವರು ಇರಲಿಲ್ಲ. ಆ ದೃಶ್ಯವನ್ನು ಟಿ.ವಿ.ಯಲ್ಲಿ ನೋಡಿದಾಗ ಅವಳಿನ್ನೂ ಹೈಸ್ಕೂಲಿನ ಹುಡುಗಿ.

'ಎಲ್.ಸಿ. ನನ್ನ ಹೆಸರಲ್ಲಿದೆ ಕಣೋ' ಎಂದಳು. ದನಿ ನಡುಗಿತು. 'ನೀನು ಈಚೆ ಬರೋ ತನಕ ಹಾಡು ಶುರುವಾಗಲ್ಲ.'

ಯಾರೂ ಮಾತಾಡಲಿಲ್ಲ. ಅವನು ಕಾಲು ಕೀಳಲು ನೋಡಿದ. ಎಡಗಾಲು ಬಂತು, ಬಲಗಾಲು ಬರಲಿಲ್ಲ. ಎರಡನೇ ಸಲ ಜಗ್ಗಿದಾಗ ಮೊಣಕಾಲಿನ ತನಕ ಇಳಿಯಿತು. ಅವನ ಮುಖ ಬದಲಾದದ್ದನ್ನು ಎಲ್ಲರೂ ಕಂಡರು. ಸಂಕಲನಕಾರ ಮುಂದೆ ಓಡಲು ಹೋದ. ಅವಳು ಅವನ ತೋಳು ಹಿಡಿದು ನಿಲ್ಲಿಸಿ, ವ್ಯಾನಿನ ಹಗ್ಗ ತರಿಸಿದಳು. ಗಟ್ಟಿ ನೆಲದಲ್ಲಿ ನಿಂತು ಹಗ್ಗ ಎಸೆದರು. ಹಿಂದಕ್ಕೆ ವಾಲಿ, ಮಲಗಿದ ಹಾಗೆ ಮಾಡಿ, ಕಾಲನ್ನು ಮೆಲ್ಲಗೆ ಅಲುಗಿಸು ಎಂದರು. ಮೂವರು ಎಳೆದಾಗ ಅವನು ಕೆಸರಿನ ಮೂಟೆಯಂತೆ ಈಚೆ ಬಂದ. ಎರಡು ಹೆಜ್ಜೆಯಲ್ಲಿ ಇಷ್ಟು. ಹತ್ತು ಹೆಜ್ಜೆಯಾಗಿದ್ದರೆ, ಹಾಡು ನಡೆಯುತ್ತಿದ್ದರೆ, ಅವನ ಕೂಗನ್ನು ಎಲ್ಲರೂ ನಟನೆ ಎಂದುಕೊಂಡಿದ್ದರೆ? ಆ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಉಳಿದ ಹತ್ತು ನಿಮಿಷದ ಬೆಳಕಿನಲ್ಲಿ ಕಲ್ಲುನೆಲಕ್ಕೆ ಓಡಿದರು. ಕ್ಯಾಮೆರಾದವನು ಹೊಟ್ಟೆಯಡಿ ಮಲಗಿ, ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ತಂದು ನೋಡಿದ. ಅಷ್ಟು ಕೆಳಗಿನಿಂದ ನೋಡಿದರೆ ಪಾದ ಮುಳುಗುವ ನೀರೂ ಸಮುದ್ರವಾಗಿ ಕಾಣುತ್ತದೆ. ನಾಯಕ ಅದರಲ್ಲಿ ಮಂಡಿಯೂರಿ ಹಾಡಿದ. ಚರ್ಚು ಚೌಕಟ್ಟಿನಲ್ಲಿ ಇರಲಿಲ್ಲ. ಸೂರ್ಯ ಇತ್ತು.

ವ್ಯಾನಿನಲ್ಲಿ ಯಾರೂ ಹಾಡಲಿಲ್ಲ. ನಾಯಕ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಅದು ಸಿಟ್ಟೋ ನಾಚಿಕೆಯೋ ತಿಳಿಯುವಂತಿರಲಿಲ್ಲ. ಮನೆಗೆ ಬಂದಾಗ ಅಪ್ಪ ಗೇಟಿನ ಬಳಿ ನಿಂತಿದ್ದರು. ಮಗಳ ಕೆಸರುಬಟ್ಟೆ ನೋಡಿದರೂ ಏನಾಯಿತೆಂದು ಕೇಳಲಿಲ್ಲ. 'ಎಲ್.ಸಿ. ವಾಪಸ್ ಕೊಟ್ಯಾ?' ಎಂದರು.

'ಇನ್ನೂ ಇಲ್ಲ ಅಪ್ಪಾಜಿ.'

ಅವಳು ಊಟಕ್ಕೆ ಕೂರದೆ ನೋಟ್‌ಬುಕ್ ಹಿಡಿದು ಫೋನಿನ ಪಕ್ಕ ಕುಳಿತಳು. ಒಬ್ಬೊಬ್ಬರೇ ಮನೆ ಮುಟ್ಟಿದ ಸುದ್ದಿ ಬಂದ ಹಾಗೆ ಹೆಸರಿನ ಮುಂದೆ ಗುರುತು ಹಾಕಿದಳು. ನಾಯಕನ ಫೋನು ಬರಲಿಲ್ಲ. ಕಡೆಗೆ ಅವಳೇ ಮಾಡಿದಳು. ಅವನ ತಾಯಿ ಎತ್ತಿ, 'ಸ್ನಾನ ಮಾಡ್ತಾ ಇದಾನೆ ಕಣಮ್ಮ, ಮೂರನೇ ಬಕೆಟ್ಟು. ಎಲ್ಲಿ ಬಿದ್ದು ಹೊರಳಾಡ್ದ?' ಎಂದು ನಕ್ಕರು. ಆ ನಗು ಕೇಳಿ ಅವಳಿಗೆ ಯಾಕೋ ಅಳು ಬಂತು. ಒಂಬತ್ತು ಗಂಟೆ ನಲವತ್ತು ನಿಮಿಷ ಎಂದು ಹೊತ್ತು ಬರೆದು, ಕೆಳಗೆ 'ವಾಪಸ್' ಎಂದು ಬರೆದಳು. ಅಪ್ಪ ಆಮೇಲೆ ಬಾಗಿಲು ಹಾಕಿದರು.

ಹಾಡಿಗೆ ಒಳ್ಳೆಯ ಅಂಕ ಬಂತು. ಕೊನೆಯ ನೀರಿನ ದೃಶ್ಯವನ್ನು ಎಲ್ಲರೂ ಮೆಚ್ಚಿದರು. ಅದು ಎಷ್ಟು ಆಳ ಎಂದು ಕೇಳಿದವರಿಗೆ ತಂಡದವರು ಉತ್ತರ ಹೇಳಲಿಲ್ಲ. ಅಂದು ಏನಾಗಲಿಲ್ಲವೋ ಅದು ಯಾವ ಪತ್ರಿಕೆಯಲ್ಲೂ ಸುದ್ದಿಯಾಗಲಿಲ್ಲ. ಲೈನ್‌ಮನ್ನರ ಕೆಲಸದ ಹಾಗೆಯೇ ಇದೂ. ದೀಪ ಉರಿಯುತ್ತಿರುವ ತನಕ ಅವರನ್ನು ನೆನೆಯುವವರಿಲ್ಲ.

ನಾಯಕ ಈಗ ಬೆಂಗಳೂರಿನಲ್ಲಿ ಮದುವೆ ವಿಡಿಯೋ ತೆಗೆಯುವವರ ಜೊತೆ ಇದ್ದಾನೆ. ವರ್ಷವಾದ ಮೇಲೆ ಒಂದು ಸಂಜೆ ಅವಳಿಗೆ ಫೋನು ಮಾಡಿದ. ನಾಳೆ ಯಾವುದೋ ಜೋಡಿಯನ್ನು ಜಲಪಾತದ ಬಳಿ ಶೂಟ್ ಮಾಡಬೇಕಂತೆ. ಕುಶಲ ವಿಚಾರಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಕೇಳಿದ:

'ಆ ವಿಷಲ್ ಎಲ್ಲಿ ತಗೊಂಡಿದ್ದೆ ನೀನು?'